ಮದುವೆಗೂ ತೆಗೆಯದ ಗಡ್ಡ

ಜನವರಿ 9

ನನ್ನ ಗೋಂದಿನ ಕೈಯವಳಿಗೆ,

ಸುಖವಾಗಿ ಬಂದು ತಲುಪಿದೆ. ನಮ್ಮ ಬೀದಿ ಅಂಗಡಿಯ ಫೋನಿಗೆ ಮಾಡೋಣವೆಂದರೆ ಸಾಮಾನಿಗೆ ಬಂದವರೆಲ್ಲ ಕಿವಿ ನಿಮಿರಿಸಿಕೊಂಡು ನಿಲ್ಲುತ್ತಾರೆ, ನೀನು ‘ಹೂಂ, ಹೂಂ’ ಅನ್ನುವುದು ಬಿಟ್ಟರೆ ಬೇರೆ ಮಾತಾಡುವುದಿಲ್ಲ. ಅದಕ್ಕೇ ಈ ಕಾಗದ. ದಿನವಿಡೀ ಪುಸ್ತಕ ಹೊಲಿದು ಅಂಟು ಹಚ್ಚುವ ನಿನಗೆ ಕಾಗದ ಕಂಡರೆ ತಲೆ ಚಿಟ್ಟು ಹಿಡಿಯಬಹುದು, ಆದರೂ ಓದು.

ಕೋಲ್ಡ್ ಸ್ಟೋರೇಜ್ ಅಂದರೆ ಇಷ್ಟು ದೊಡ್ಡದಿರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಹಣ್ಣು, ಆಲೂಗಡ್ಡೆ, ಬೆಣ್ಣೆ ಎಲ್ಲಕ್ಕೂ ಬೇರೆ ಬೇರೆ ಕೋಣೆ, ಒಂದೊಂದೂ ನಮ್ಮ ಮನೆಗಿಂತ ಎತ್ತರ. ನನ್ನ ಕೆಲಸ ಸ್ಟೋರಿನ ಮೇಜಿನಲ್ಲಿ. ಬಂದ ಮಾಲು, ಹೋದ ಮಾಲು ಬರೆದುಕೊಳ್ಳುವುದು. ಕೂತು ಮಾಡುವ ಕೆಲಸ, ಕಿಟಕಿ ಇದೆ, ಗಾಳಿ ಬರುತ್ತದೆ. ಆರು ತಿಂಗಳು ತಪ್ಪಿಲ್ಲದೆ ಮಾಡಿದರೆ ಕಾಯಂ ಮಾಡಿ ಕ್ವಾರ್ಟರ್ಸ್ ಕೊಡುತ್ತಾರೆ. ಆಮೇಲೆ ನೀನು, ಪುಟ್ಟಿ, ಅಮ್ಮ ಎಲ್ಲರೂ ಇಲ್ಲಿಗೇ.

ಈಗ ಒಂದು ವಿಷಯ, ನಗಬಾರದು. ಗಡ್ಡ ತೆಗೆದೆ. ಕಂಪನಿಯ ಶಿಸ್ತಂತೆ, ಗಡ್ಡದವರಿಗೆ ಗೇಟಿನೊಳಗೆ ಜಾಗವಿಲ್ಲ. ಹದಿನೆಂಟನೇ ವಯಸ್ಸಿನಿಂದ ಬ್ಲೇಡು ಮುಟ್ಟದ ನಾನು ರಸ್ತೆ ತಿರುವಿನ ಅಂಗಡಿಯಲ್ಲಿ ಒಂದು ಕೊಂಡರೆ ಒಂದು ಉಚಿತ ಅನ್ನುವ ಪ್ಲಾಸ್ಟಿಕ್ ರೇಜರು, ಒಂದು ಟ್ಯೂಬು ಕ್ರೀಮು ತಂದೆ. ಒಂದು ಪಾಪದ ಜೊತೆ ಇನ್ನೊಂದು ಪಾಪ ಉಚಿತ. ಕನ್ನಡಿಯನ್ನು ರೂಮಿನ ಜೊತೆಗಾರ ಫಿಟ್ಟರಣ್ಣ ತನ್ನ ಎತ್ತರಕ್ಕೆ ಹೊಡೆದಿದ್ದಾನೆ, ಅವನು ಕುಳ್ಳ. ನಾನು ಮಂಡಿ ಬಗ್ಗಿಸಿ ಅರ್ಧ ಕೂತ ಹಾಗೆ ನಿಂತು ಹೆರೆಯುತ್ತಿದ್ದರೆ ಅವನು ಹಾಸಿಗೆಯಿಂದಲೇ, “ಲೇ, ಮುಖ ಬೋಳಿಸ್ತಿದ್ದೀಯೋ, ಮೀನು ಹೆರೀತಿದ್ದೀಯೋ?” ಅಂದ. ನನ್ನ ಕೂದಲು ಒರಟು, ಗುಂಗುರು. ಬೋಳಿಸಿದರೆ ಹೊರಗೆ ಬರುವ ಬದಲು ಚರ್ಮದೊಳಗೇ ಸುತ್ತಿಕೊಂಡು ಗುಳ್ಳೆಯಾಗುತ್ತದೆ. ರೇಜರು ಕೊಂಡದ್ದು ದಂಡ. ಬೇರೆ ನೋಡಬೇಕು.

ಪುಟ್ಟಿಗೆ ಮುತ್ತು. ಇನ್ನು ಮುಂದೆ ಚುಚ್ಚುವುದಿಲ್ಲವೆಂದು ಹೇಳು.

ನಿನ್ನ ಬೋಳು ಮುಖದವ


ಜನವರಿ 18

ಪುಟ್ಟಿಯ ಅಪ್ಪನವರಿಗೆ,

ನಗಬೇಡ ಅಂದರೆ ಹೇಗೆ? ಪ್ರೆಸ್ಸಿನಲ್ಲಿ ಕೂತು ನಕ್ಕು ನಕ್ಕು ಅಚ್ಚಾದ ಎರಡು ಫಾರಂ ಹಾಳೆ ತಲೆಕೆಳಗಾಗಿ ಮಡಿಚಿದೆ, ಮಾಲೀಕರಿಂದ ಬೈಗುಳ ತಿಂದೆ. ಅತ್ತೆಗೆ ಹೇಳಿದರೆ ಅವರು ನಗಲಿಲ್ಲ. “ಗಡ್ಡ ಇದ್ದಾಗ ಕರಡಿ ಅಂತ ಯಾರೂ ಹತ್ರ ಬರ್ತಿರ್ಲಿಲ್ಲ. ಈಗ ಒಂದು ಕಣ್ಣಿಟ್ಟಿರಮ್ಮ” ಅಂದರು. ಹೆತ್ತ ತಾಯಿಯ ಮಾತು ಇದು, ನನ್ನದಲ್ಲ.

ಒಂದು ಮಾತು ನೆನಪಾಗಿ ಮನಸ್ಸು ಚುರುಕ್ ಅಂದಿತು. ಮದುವೆಗೆ ಮುಂಚೆ ನಾನು ಬಾಯಿಬಿಟ್ಟು ಕೇಳಿದ್ದು ಎರಡೇ. ಮೊದಲನೆಯದು, ಅವತ್ತೊಂದು ದಿನಕ್ಕಾದರೂ ಗಡ್ಡ ತೆಗೆಯಿರಿ ಅಂದಿದ್ದೆ. ನೀವು, “ಪ್ರಾಣ ಬೇಕಾದ್ರೆ ಕೇಳು, ಗಡ್ಡ ಮಾತ್ರ ಕೇಳಬೇಡ” ಅಂದಿರಿ. ಫೋಟೋಗಳಲ್ಲೆಲ್ಲ ನಾನು ಒಂದು ಪೊದೆಯ ಪಕ್ಕ ನಿಂತಿದ್ದೇನೆ. ಕಂಪನಿಯವರು ಒಂದು ಮಾತು ಹೇಳಿದ ಕೂಡಲೇ ತೆಗೆದಿರಿ. ಇರಲಿ, ಹೊಟ್ಟೆಪಾಡು.

ಎರಡನೆಯದನ್ನು ನೀವು ನಡೆಸಿಕೊಂಡಿದ್ದೀರಿ, ಅದೇ ನನಗೆ ಸಮಾಧಾನ. ಹೊಗೆ, ಧೂಳು, ಗ್ಯಾಸು ಇರುವ ಕಡೆ ಕೆಲಸ ಬೇಡ ಅಂದಿದ್ದೆ. ನಮ್ಮಪ್ಪ ಹತ್ತಿ ಗಿರಣಿಯ ಧೂಳು ಕುಡಿದು ಕಡೆಗೆ ಊಟದ ತಟ್ಟೆಯ ಮುಂದೆ ಕೂರುವುದಕ್ಕೂ ಉಸಿರು ಸಾಲದೆ ಹೋದದ್ದನ್ನು ಕಂಡವಳು ನಾನು. ಕಿಟಕಿ ಇದೆ, ಗಾಳಿ ಬರುತ್ತದೆ ಅಂತ ಬರೆದಿರಲ್ಲ, ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ನುಣ್ಣನೆ ಮುಖದ ಒಂದು ಫೋಟೋ ಕಳಿಸಿ. ಪುಟ್ಟಿ ಕೇಳುತ್ತಿದ್ದಾಳೆ, ನನಗೇನೂ ಆತುರವಿಲ್ಲ.

ಪುಟ್ಟಿಯ ಅಮ್ಮ


ಜನವರಿ 27
(ಬರೆದದ್ದು, ಅಂಚೆಗೆ ಹಾಕಲಿಲ್ಲ)

ನನ್ನವಳೇ,

ಇದನ್ನು ಹಾಕುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ನಿನ್ನ ಕಾಗದ ಓದಿ ಊಟ ಸೇರಲಿಲ್ಲ.

ಸ್ಟೋರಿನ ಮೇಜು ನನಗೆ ಸಿಗಲಿಲ್ಲ. ನಾನು ಬರುವ ಮುಂಚೆಯೇ ಅಲ್ಲಿ ಬೇರೆಯವನನ್ನು ಕೂರಿಸಿದ್ದರು. ಉಳಿದದ್ದು ಮೆಷಿನ್ ಕೋಣೆಯ ಕೆಲಸ ಒಂದೇ. ಇಷ್ಟೆಲ್ಲ ಕೋಣೆಗಳನ್ನು ತಣ್ಣಗಿಡುವುದು ಅಮೋನಿಯಾ ಎಂಬ ಗ್ಯಾಸು. ಅದನ್ನು ಕೊಳವೆಗಳಲ್ಲಿ ಓಡಿಸುವ ಯಂತ್ರಗಳಿಗೆ ಎಣ್ಣೆ ಹಾಕುವುದು, ಹಳೆ ಎಣ್ಣೆ ಇಳಿಸುವುದು, ವಾಲ್ವು ತಿರುಗಿಸುವುದು ನನ್ನ ಕೆಲಸ. ಕಿಟಕಿ ಇಲ್ಲ. ಸ್ವಲ್ಪ ಸೋರಿದರೂ ಕಣ್ಣು ಮೂಗು ಉರಿದುಹೋಗುತ್ತದೆ, ಹೆಚ್ಚು ಸೋರಿದರೆ ಎದೆಗೇ ಹೊಡೆತ. ಅದಕ್ಕೆ ಮುಖ ಪೂರ್ತಿ ಮುಚ್ಚುವ ರಬ್ಬರಿನ ಮುಖವಾಡ ಕೊಡುತ್ತಾರೆ. ಅದು ಚರ್ಮಕ್ಕೆ ಅಂಟಿ ಕೂತರೆ ಮಾತ್ರ ಕಾಪಾಡುತ್ತದೆ. ಮಧ್ಯೆ ಕೂದಲಿದ್ದರೆ ಸಂದಿಯಲ್ಲಿ ಗ್ಯಾಸು ನುಗ್ಗುತ್ತದೆ. ಗಡ್ಡ ತೆಗೆದದ್ದು ಅದಕ್ಕೆ. ಶಿಸ್ತೂ ಇಲ್ಲ, ಮಣ್ಣೂ ಇಲ್ಲ.

ಪ್ರತಿ ಸೋಮವಾರ ಸುರಕ್ಷತೆಯ ಮೇಡಂ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಾರೆ. ಒಂದು ಗಟ್ಟಿ ರಟ್ಟಿನ ಅಂಚನ್ನು ದವಡೆಯ ಮೇಲೆ ಕೆಳಗಿಂದ ಮೇಲಕ್ಕೆ ಎಳೆಯುತ್ತಾರೆ. ಕರ್ ಅಂತ ಸದ್ದು ಬಂದರೆ ಅವತ್ತು ಕೆಲಸವಿಲ್ಲ. ಮೂರು ಸಲ ಸದ್ದು ಬಂದರೆ ಮನೆಗೆ. ನನಗೆ ಈಗಾಗಲೇ ಒಂದು ಸಲ ಬಂದಿದೆ. ಇವತ್ತು ಸದ್ದು ಬರಲಿಲ್ಲ, ರಕ್ತ ಬಂತು. ಮೇಡಂ ರಟ್ಟು ಒರೆಸಿಕೊಂಡು, “ಮುಖಾನ ಹಿಂಗೆ ಮಾಡ್ಕೊಂಡ್ರೆ ಮುಖವಾಡ ಹಾಕೋದು ಯಾವುದರ ಮೇಲೆ?” ಅಂದರು. ಅದಕ್ಕೇ ನಾನು ಒಂದಾದ ಮೇಲೊಂದು ಸಾಮಾನು ಕೊಳ್ಳುತ್ತಿರುವುದು. ಶೋಕಿಗಲ್ಲ.

ನಿನಗೆ ಹೇಳಿದರೆ ನಾಳೆಯೇ ಹೊರಟು ಬನ್ನಿ ಅನ್ನುತ್ತೀಯ, ನಾನು ಬಂದೂ ಬಿಡುತ್ತೇನೆ. ಬಂದು ಮಾಡುವುದೇನು? ನಿನ್ನ ಅಂಟಿನ ಡಬ್ಬಿ ಕಾಯುತ್ತಾ ಕೂರಲೇ? ನಿನಗೆ ಕೊಟ್ಟ ಮಾತು ಮುರಿದಿದ್ದೇನೆ. ಕ್ವಾರ್ಟರ್ಸ್ ಸಿಕ್ಕ ದಿನ, ಅದರ ಬಾಗಿಲಲ್ಲಿ ನಿಂತು ಹೇಳುತ್ತೇನೆ. ಅಲ್ಲಿಯವರೆಗೆ ನೀನು ನೆಮ್ಮದಿಯಾಗಿ ಮಲಗು.

ಇಲ್ಲ, ಇದನ್ನು ಹಾಕುವುದಿಲ್ಲ. ಬೇರೆ ಬರೆಯುತ್ತೇನೆ.


ಜನವರಿ 28

ನನ್ನ ಗೋಂದಿನ ಕೈಯವಳಿಗೆ,

ಎಲ್ಲ ಕ್ಷೇಮ. ಮೇಜಿನ ಕೆಲಸ ಕೈಗೆ ಹತ್ತಿದೆ, ಕೂತು ಕೂತು ಬೆನ್ನು ಹಿಡಿಯುತ್ತದೆ ಅನ್ನುವುದೊಂದೇ ದೂರು.

ಇನ್ನು ಗಡ್ಡದ ಪುರಾಣ. ಕ್ರೀಮು ಬೇಡ, ಬ್ರಷ್ಷು ಸೋಪು ತಗೊಳ್ಳಿ ಸಾರ್ ಅಂತ ಅಂಗಡಿಯವನು ಮರದ ಹಿಡಿಯ ಬ್ರಷ್ಷನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ನನ್ನ ಕೆನ್ನೆಗೆ ಸವರಿ ತೋರಿಸಿದ. ಮೊಲದ ಮರಿಯ ಹಾಗಿತ್ತು. ರೂಮಿಗೆ ತಂದು ನೊರೆ ಎಬ್ಬಿಸಿದರೆ ಅದರ ಕೂದಲೆಲ್ಲ ಕಿತ್ತು ನನ್ನ ಮುಖಕ್ಕೆ ಬಂತು. ಬೋಳಿಸಲು ಹೋದವನಿಗೆ ಇನ್ನೊಂದು ಗಡ್ಡ ಬೆಳೆಯಿತು. ಸೋಪು ಬಟ್ಟಲಿನದು, ನುಸಿಗುಳಿಗೆಯ ವಾಸನೆ. ಫಿಟ್ಟರಣ್ಣ ತನ್ನ ಟ್ರಂಕಿನಲ್ಲಿಡಲು ಅರ್ಧ ಕೇಳಿದ್ದಾನೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ನೊರೆಗೂ ಸಲ್ಲುತ್ತದೆ. ಆ ಬ್ರಷ್ಷನ್ನು ನಿನಗೇ ಕಳಿಸುತ್ತಿದ್ದೇನೆ, ಅಂಟು ಹಚ್ಚಲು ಬಂದೀತು.

ಇಷ್ಟು ಪಟ್ಟರೂ ಪುಣ್ಯಕ್ಕೆ ನಿನ್ನೆ ಮೇಡಂ ದವಡೆ ನೋಡಿ ಪಾಸು ಮಾಡಿದರು. ಫೋಟೋ ಇಟ್ಟಿದ್ದೇನೆ. ಹೆದರಬೇಡ, ನಾನೇ.

ನಿನ್ನವ


ಫೆಬ್ರವರಿ 8

ಪುಟ್ಟಿಯ ಅಪ್ಪನವರಿಗೆ,

ಬ್ರಷ್ಷು ಬಂತು. ಅಂಟಿಗೆ ಅದ್ದಿದೆ, ಪುಸ್ತಕದ ಬೆನ್ನಿಗೆಲ್ಲ ಕೂದಲು ಅಂಟಿಕೊಂಡವು. ಮಾಲೀಕರು, “ಏನಮ್ಮಾ, ವ್ಯಾಕರಣದ ಪುಸ್ತಕಕ್ಕೆ ಮೀಸೆ ಬರಿಸಿದ್ದೀಯಲ್ಲ” ಅಂದರು. ಈಗ ಅತ್ತೆ ಅದರಲ್ಲಿ ಹೊಲಿಗೆ ಯಂತ್ರದ ಧೂಳು ಹೊಡೆಯುತ್ತಾರೆ.

ಫೋಟೋ ನೋಡಿದೆವು. ನಿಮ್ಮ ಗಲ್ಲದಲ್ಲಿ ಗುಳಿ ಇದೆಯೆಂದು ಇಷ್ಟು ವರ್ಷ ಸಂಸಾರ ಮಾಡಿದ ನನಗೆ ಗೊತ್ತಿರಲಿಲ್ಲ. ಚೆನ್ನಾಗಿ ಕಾಣುತ್ತೀರಿ. ಪುಟ್ಟಿಗೆ ತೋರಿಸಿದರೆ, “ಈ ಮಾಮ ಯಾರು?” ಅಂದಳು. ಅಪ್ಪ ಕಣೇ ಅಂದರೆ ನಂಬಲೊಲ್ಲಳು. ಹಳೆ ಫೋಟೋ ತಂದು ಪಕ್ಕದಲ್ಲಿಟ್ಟು, “ಇದು ಅಪ್ಪ, ಇದು ಮಾಮ” ಅಂತ ನನಗೇ ಪಾಠ ಹೇಳಿದಳು. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ.

ಒಂದು ಕೇಳುತ್ತೇನೆ, ಸುಮ್ಮನೆ ಕೇಳುವುದು. ಆ ಮೇಡಂ ಯಾರು? ಸ್ಟೋರಿನಲ್ಲಿ ಮಾಲು ಬರೆಯುವವನ ದವಡೆ ನೋಡಿ ಪಾಸು ಮಾಡುವುದೆಂದರೆ ಏನು? ನನಗೆ ಅರ್ಥವಾಗಲಿಲ್ಲ, ಅಷ್ಟೇ.

ಪುಟ್ಟಿಯ ಅಮ್ಮ


ಫೆಬ್ರವರಿ 19

ನನ್ನ ಗೋಂದಿನ ಕೈಯವಳಿಗೆ,

ಮೇಡಂ ಅಂದರೆ ಮೇಡಂ. ಹೆಸರು ಕೇಳಿದರೆ ಗಂಡಸರೆಲ್ಲ ನಡುಗುತ್ತಾರೆ. ಸೋಮವಾರ ಸೋಮವಾರ ಎಲ್ಲರ ಕೆನ್ನೆಯೂ ನೋಡುತ್ತಾರೆ, ನನ್ನದೊಂದೇ ಅಲ್ಲ. ಕೈ ಮೃದು, ಕಣ್ಣು ಮಾತ್ರ ಕಟ್ಟುನಿಟ್ಟು. ಸಾಕೇ? ಹೊಟ್ಟೆಕಿಚ್ಚು ಪಡಬೇಡ ಮಾರಾಯ್ತಿ, ನಿನ್ನ ಗಂಡನಂಥ ಗುಳ್ಳೆ ಮುಖದವನನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ.

ನಾನು ಇನ್ನೂ ಎರಡು ತಪ್ಪು ಮಾಡಿದೆ. ಪೂರ್ತಿ ಲೋಹದ ರೇಜರು ಕೊಂಡೆ, ಎರಡು ಕಡೆ ಅಲಗಿನ ಬ್ಲೇಡು ಹಾಕುವಂಥದ್ದು. ಭಾರ ಚೆನ್ನಾಗಿದೆ, ಕೈಗೆ ಕೂರುತ್ತದೆ, ಹೊಳೆಯುತ್ತದೆ. ಮೊದಲ ದಿನವೇ ಕುತ್ತಿಗೆಯ ಕೆಳಗೆ ಕೆಂಪು ಗೆರೆ ಎಳೆಯಿತು. ಅದರ ಉರಿಗೆ ಲೋಷನ್ ಒಂದು ಶೀಸೆ ತಂದೆ. ಹಚ್ಚಿದ ಕೂಡಲೇ ನಾನು ಕುಣಿದ ಕುಣಿತಕ್ಕೆ ಕೆಳಗಿನ ಮನೆಯವರು ಸೂರು ತಟ್ಟಿದರು. ಗಾಯದ ಮೇಲೆ ಬರೆ ಅನ್ನುವುದನ್ನು ಶೀಸೆಯಲ್ಲಿ ತುಂಬಿ ಮಾರುತ್ತಾರೆ. ಪಟಿಕದ ಕಲ್ಲೂ ಕೊಂಡೆ, ಅದು ಪರವಾಗಿಲ್ಲ, ಕಲ್ಲಿಗೆ ಮೋಸ ಗೊತ್ತಿಲ್ಲ.

ಲೋಷನ್ ಶೀಸೆ ಚೆಲ್ಲಲು ಮನಸ್ಸು ಬಾರದೆ ಮನೆಗೆ ಕಳಿಸಿದ್ದೇನೆ. ಬೀರುವಿನಲ್ಲಿಟ್ಟರೆ ಬಟ್ಟೆಗಾದರೂ ಪರಿಮಳ ಬಂದೀತು. ಇನ್ನು ಹೆಚ್ಚು ದಿನವಿಲ್ಲ, ಜುಲೈ ಬಂದರೆ ಕಾಯಂ.

ನಿನ್ನವ


ಮಾರ್ಚ್ 3

ನುಣ್ಣನೆ ಕೆನ್ನೆಯವರಿಗೆ,

ಶೀಸೆ ಬಂತು. ಮುಚ್ಚಳ ತೆಗೆದರೆ ಮನೆಯೆಲ್ಲ ಘಮ್ಮೆಂದಿತು. ಅತ್ತೆ ಮೂಸಿ ನೋಡಿ ಮುಚ್ಚಳ ಬಿಗಿದು ಬೀರುವಿನ ಮೂಲೆಗೆ ತಳ್ಳಿದರು. ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ನಾನು ಹೆಚ್ಚು ಓದಿದವಳಲ್ಲ, ಆದರೆ ದಿನಾ ಪುಸ್ತಕದ ಹಾಳೆ ಜೋಡಿಸುವವಳು. ಯಾವ ಹಾಳೆಯ ಮುಂದೆ ಯಾವುದು ಬರುತ್ತದೆಂದು ಗೊತ್ತಾಗುತ್ತದೆ. ಗಡ್ಡ ಹೋಯಿತು, ಸೋಪು ಬಂತು, ಹೊಳೆಯುವ ರೇಜರು ಬಂತು, ಸೆಂಟು ಬಂತು, ಮೃದುವಾದ ಕೈ ಬಂತು. ಇಷ್ಟಾದ ಮೇಲೂ ಸ್ಟೋರಿನ ಗುಮಾಸ್ತನಿಗೆ ಇದೆಲ್ಲ ಯಾಕೆ ಅಂತ ಕೇಳಿದರೆ ತಮಾಷೆ ಮಾಡುತ್ತೀರಿ. ನನ್ನ ಕಿವಿಯ ಮೇಲೆ ಹೂವ ಇಡಬೇಡಿ.

ಮದುವೆಯ ದಿನ ನಾನು ಬೇಡಿಕೊಂಡರೂ ತೆಗೆಯದ ಗಡ್ಡವನ್ನು ಬೇರೊಬ್ಬಳಿಗೆ ಸೋಮವಾರ ಸೋಮವಾರ ತೆಗೆದು ತೋರಿಸುತ್ತೀರಿ. ನಾನು ಅಳುತ್ತಿಲ್ಲ. ಕೋಪ ಬಂದಿದೆ.

ಮೊದಲಿನ ಹಾಗೆ ಗಡ್ಡ ಬಿಟ್ಟು ಒಂದು ಫೋಟೋ ತೆಗೆಸಿ ಕಳಿಸಿ. ಪೂರ್ತಿ ಬೆಳೆಯದಿದ್ದರೂ ಚಿಂತೆಯಿಲ್ಲ, ಇವರು ನಮ್ಮವರೇ ಅಂತ ನನಗೂ ಮಗುವಿಗೂ ಗುರುತು ಸಿಕ್ಕಿದರೆ ಸಾಕು. ಒಂದು ವಾರ ಗಡ್ಡ ಬಿಟ್ಟರೆ ಮೇಜಿನ ಮೇಲಿನ ಮಾಲೇನೂ ಓಡಿಹೋಗುವುದಿಲ್ಲ. ಅಷ್ಟೂ ಆಗದಿದ್ದರೆ ನಿಮ್ಮ ಕ್ವಾರ್ಟರ್ಸ್ ನಿಮಗೇ ಇರಲಿ. ನಾನೂ ಪುಟ್ಟಿಯೂ ಬರುವುದಿಲ್ಲ. ಫೋಟೋ ಬರುವವರೆಗೆ ಕಾಗದವನ್ನೂ ಬರೆಯುವುದಿಲ್ಲ.

ಪುಟ್ಟಿಯ ಅಮ್ಮ


ಮಾರ್ಚ್ 11

ನನ್ನವಳೇ,

ನಿನ್ನ ತಲೆಯಲ್ಲಿರುವುದು ಯಾವುದೂ ಇಲ್ಲಿಲ್ಲ. ಅಮ್ಮನ ಆಣೆ, ಪುಟ್ಟಿಯ ಆಣೆ. ಆ ಮೇಡಂಗೆ ನನ್ನ ತಾಯಿಯ ವಯಸ್ಸು. ಗಡ್ಡ ಬಿಡಲಾಗುವುದಿಲ್ಲ, ಅದು ಇಲ್ಲಿಯ ನಿಯಮ. ಯಾಕೆಂದು ಈಗ ಹೇಳಲಾರೆ. ಜುಲೈವರೆಗೆ ನನ್ನನ್ನು ನಂಬು. ಒಂದು ಸಾಲು ಬರೆ.


ಮಾರ್ಚ್ 29

ನನ್ನ ಗೋಂದಿನ ಕೈಯವಳಿಗೆ,

ಕೋಪ ಇಳಿಯಲಿಲ್ಲವೆಂದು ಕಾಣುತ್ತದೆ. ಅಂಗಡಿಗೆ ಫೋನು ಮಾಡಿದೆ, ನೀನು ಪ್ರೆಸ್ಸಿಗೆ ಹೋಗಿದ್ದೀಯೆಂದರು. ಭಾನುವಾರ ಮಾಡಿದೆ, ಆಗಲೂ ಪ್ರೆಸ್ಸಿಗೇ ಹೋಗಿದ್ದೀಯೆಂದರು. ಯಾವ ಪ್ರೆಸ್ಸು ಭಾನುವಾರ ಓಡುತ್ತದೆ?

ಪುಟ್ಟಿ ಏನೇನು ಮಾತಾಡುತ್ತಾಳೆಂದು ಗೊತ್ತಾಗದೆ ಇಷ್ಟು ದಿನ ಕಳೆದದ್ದು ಇದೇ ಮೊದಲು. ಹೊಸ ಕ್ವಾರ್ಟರ್ಸಿನ ಮುಂದೆ ದಿನಾ ಹಾದು ಹೋಗುತ್ತೇನೆ. ನೀವು ಬರದಿದ್ದರೆ ಅದನ್ನು ಕಟ್ಟಿಕೊಂಡು ನಾನೇನು ಮಾಡಲಿ? ಇಷ್ಟೆಲ್ಲ ಬ್ಲೇಡು, ಸೋಪು, ಗುಳ್ಳೆ ಯಾರಿಗಾಗಿ?

ಸರಿ, ನೀನೇ ಗೆದ್ದೆ. ಒಂದು ಉಪಾಯ ಮಾಡಿದ್ದೇನೆ. ಮೇಡಂ ನೋಡುವುದು ಸೋಮವಾರ ಮಾತ್ರ. ಈ ಸೋಮವಾರ ಕಳೆದ ಮೇಲೆ ಬ್ಲೇಡು ಮುಟ್ಟುವುದಿಲ್ಲ. ನನ್ನ ಗಡ್ಡ ನಿನಗೆ ಗೊತ್ತಲ್ಲ, ಗುರುವಾರದ ಹೊತ್ತಿಗೆ ಮುಖ ಕಪ್ಪಗಾಗಿರುತ್ತದೆ. ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿ, ಮುಂದಿನ ಸೋಮವಾರದೊಳಗೆ ತೆಗೆದುಬಿಡುತ್ತೇನೆ. ಫಿಟ್ಟರಣ್ಣ, “ಬೇಡ ಕಣೋ, ಹೆಂಡ್ತಿಗೆ ಇದ್ದದ್ದು ಇದ್ದ ಹಾಗೆ ಬರೆದು ಹಾಕು” ಅಂತ ಗೊಣಗುತ್ತಿದ್ದಾನೆ. ಅವನಿಗೇನು ಗೊತ್ತು ನಿನ್ನ ಹಟ.

ಮುಖದ ಚರ್ಮಕ್ಕೂ ನಾಲ್ಕು ದಿನ ವಿಶ್ರಾಂತಿ ಸಿಕ್ಕಂತಾಯಿತು.

ನಿನ್ನವ


ಏಪ್ರಿಲ್ 8

ಫೋಟೋ ಇದರಲ್ಲಿದೆ. ಫಿಟ್ಟರಣ್ಣ ಸ್ಟುಡಿಯೋದಿಂದ ತಂದುಕೊಟ್ಟ, ವಿಳಾಸವನ್ನೂ ಅವನೇ ಬರೆದಿದ್ದಾನೆ. ನನಗೆ ಸ್ವಲ್ಪ ಶೀತ, ಗಂಟಲು ಕಟ್ಟಿದೆ. ಪುಟ್ಟಿಗೆ ತೋರಿಸು. ಏನಂದಳೆಂದು ಬರೆ.


ಏಪ್ರಿಲ್ 17

ನನ್ನ ಕರಡಿಯವರಿಗೆ,

ಅಂದಳು, ಅಂದಳು. ಲಕೋಟೆ ಒಡೆಯುತ್ತಿದ್ದ ಹಾಗೇ ಕೈಯಿಂದ ಕಿತ್ತುಕೊಂಡು “ಅಪ್ಪ” ಅಂದಳು. ಆಮೇಲೆ ಫೋಟೋದ ಕೆನ್ನೆಗೆ ತನ್ನ ಕೆನ್ನೆ ಒತ್ತಿ, “ಚುಚ್ಚಲ್ಲ ಅಮ್ಮ” ಅಂತ ದೂರು ಹೇಳಿದಳು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿ, “ನನ್ನ ಮಗ ವಾಪಸ್ ಬಂದ” ಅಂದರು.

ನನ್ನ ಮೇಲೆ ಬೇಸರ ಮಾಡಿಕೊಂಡಿದ್ದೀರೇನೋ. ನಾಲ್ಕೇ ಸಾಲು ಬರೆದಿದ್ದೀರಿ. ಮಾಡಿಕೊಳ್ಳಿ, ತಪ್ಪು ನನ್ನದೇ. ಈ ನಡುವೆ ಎಷ್ಟು ಕಾಗದ ಬರೆದೆನೋ, ಎಲ್ಲವನ್ನೂ ಹರಿದು ಅಂಟು ಕಾಯಿಸುವ ಒಲೆಗೆ ಹಾಕಿದೆ. ಭಾನುವಾರ ನಾನು ಮನೆಯಲ್ಲೇ ಇದ್ದೆ. ಅಂಗಡಿಯವರು ಕರೆದಾಗ ಇಲ್ಲವೆಂದು ಹೇಳಿಸಿದೆ, ಆಮೇಲೆ ಬಾಗಿಲ ಹಿಂದೆ ನಿಂತು ಅತ್ತುಬಿಟ್ಟೆ. ಒಂದು ಮಾತಿಗೆ ನೀವು ಗಡ್ಡ ಬಿಟ್ಟಿರಲ್ಲ, ಅಷ್ಟು ಸಾಕು ನನಗೆ. ಇನ್ನು ಮೇಡಂ ಕೆನ್ನೆಯನ್ನಾದರೂ ನೋಡಲಿ, ಕಿವಿಯನ್ನಾದರೂ ಹಿಂಡಲಿ.

ನೀವು ಇಷ್ಟು ಸಾಮಾನು ಕೊಂಡು ಪಶ್ಚಾತ್ತಾಪ ಪಟ್ಟಿದ್ದೀರಿ, ನಾನೂ ಒಂದು ಕೊಂಡೆ, ಪಶ್ಚಾತ್ತಾಪವಿಲ್ಲದ್ದು. ಗಡ್ಡ ಬಾಚುವ ಪುಟ್ಟ ಮರದ ಹಣಿಗೆ, ಜೊತೆಗೆ ಒಂದು ಶೀಸೆ ಎಣ್ಣೆ. ಅಂಗಡಿಯಲ್ಲಿ ಕೇಳುವಾಗ ನಾಚಿಕೆಯಾಯಿತು. ಪಾರ್ಸೆಲ್ ಮಾಡಿದ್ದೇನೆ. ಗಡ್ಡ ಇನ್ನು ತೆಗೆಯಬೇಡಿ, ನಿಯಮದವರಿಗೆ ನನ್ನ ಹೆಸರು ಹೇಳಿ.

ಫೋಟೋದಲ್ಲಿ ಕಣ್ಣು ದಣಿದ ಹಾಗಿದೆ. ಶೀತಕ್ಕೆ ಬಿಸಿನೀರು ಕುಡಿಯಿರಿ.

ನಿಮ್ಮ ಗೋಂದಿನ ಕೈಯವಳು


ಏಪ್ರಿಲ್ 28

ನನ್ನವಳೇ,

ಹಣಿಗೆ ಬಂತು. ದಿಂಬಿನ ಪಕ್ಕದಲ್ಲಿದೆ. ಬಾಚಲು ಗಡ್ಡವಿಲ್ಲ. ಆಮ್ಲಜನಕದ ಮುಖವಾಡ ಸರಿಯಾಗಿ ಕೂರಲೆಂದು ಆಸ್ಪತ್ರೆಯವರು ಮೊದಲ ದಿನವೇ ತೆಗೆದುಬಿಟ್ಟರು. ನರ್ಸು ಒಂದು ಸಾದಾ ಬ್ಲೇಡಿನಲ್ಲಿ, ಬಿಸಿನೀರಿನ ಬಟ್ಟೆ ಹಾಕಿ, ಕೂದಲು ಹೋದ ಕಡೆಗೇ ಎಳೆದಳು. ಒಂದು ಗುಳ್ಳೆ ಏಳಲಿಲ್ಲ. ನಾನು ಕೊಂಡದ್ದೆಲ್ಲ ಸುಮ್ಮನೆ.

ಇನ್ನು ಮುಚ್ಚಿಡುವುದಿಲ್ಲ. ನಾನು ಸ್ಟೋರಿನಲ್ಲಿ ಒಂದು ದಿನವೂ ಕೂತಿಲ್ಲ. ಅಮೋನಿಯಾ ಗ್ಯಾಸಿನ ಮೆಷಿನ್ ಕೋಣೆಯಲ್ಲಿ ಕೆಲಸ. ಮುಖವಾಡದ ಅಂಚು ಚರ್ಮಕ್ಕೆ ಅಂಟಬೇಕೆಂದು ಗಡ್ಡ ತೆಗೆಯಬೇಕಿತ್ತು. ಮೇಡಂ ನೋಡುತ್ತಿದ್ದದ್ದು ಅದನ್ನೇ. ನಿಮ್ಮಪ್ಪನ ವಿಷಯ ನೆನೆದು ನಿನಗೆ ಹೇಳಲಿಲ್ಲ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಹೊಲಿದೆ.

ಗುರುವಾರ ಫೋಟೋ ತೆಗೆಸಿದೆ. ಅವತ್ತು ರಾತ್ರಿಯೇ ಬೋಳಿಸಬೇಕಿತ್ತು. ಸ್ಟುಡಿಯೋದವನು, ಚೆನ್ನಾಗಿ ಬಾರದಿದ್ದರೆ ಇನ್ನೊಮ್ಮೆ ತೆಗೆಯೋಣ, ಶನಿವಾರದವರೆಗೆ ಗಡ್ಡ ಹಾಗೇ ಇರಲಿ ಅಂದ. ಚೆನ್ನಾಗಿ ಬರಲಿ ಅಂತ ನನಗೂ ಆಸೆ. ಶುಕ್ರವಾರ ಎಣ್ಣೆ ಇಳಿಸುವಾಗ ವಾಲ್ವು ಮುಚ್ಚಿಕೊಳ್ಳಲಿಲ್ಲ, ಗ್ಯಾಸು ಬುಸ್ಸೆಂದು ಬಂತು. ಮುಖವಾಡ ಹಾಕಿಕೊಂಡೇ ಇದ್ದೆ. ಅದು ಕೂರಲಿಲ್ಲ. ದವಡೆಯ ಸಂದಿಯಿಂದ ಬೆಂಕಿ ಒಳಗೆ ಬಂದಂತಾಯಿತು. ಬಾಗಿಲು ಎಲ್ಲಿದೆಯೆಂದು ಗೊತ್ತಿದ್ದರೂ ಕಾಲು ನಡೆಯಲಿಲ್ಲ. ಫಿಟ್ಟರಣ್ಣ ತನ್ನ ಮುಖವಾಡ ಬಿಗಿದುಕೊಂಡು ಬಂದು ಎಳೆದು ಹಾಕಿದ. ಅವನಿಗೆ ಏನೂ ಆಗಿಲ್ಲ.

ಬದುಕಿದ್ದೇನೆ, ಕಣ್ಣು ಕಾಣುತ್ತದೆ. ಎದೆಯದು ಮಾತ್ರ ಪೂರ್ತಿ ಸರಿಹೋಗುವುದಿಲ್ಲವೆಂದು ಡಾಕ್ಟರು ಹೇಳಿದರು. ಕಂಪನಿಯವರು ಮೆಷಿನ್ ಕೋಣೆ ಬೇಡವೆಂದು ಸ್ಟೋರಿನ ಮೇಜು ಕೊಟ್ಟಿದ್ದಾರೆ. ಗಡ್ಡದವನು ಒಳಗೆ ಹೋದದ್ದು ನನ್ನ ತಪ್ಪೆಂದು ಬರೆಸಿಕೊಂಡರು, ನಾನು ಸಹಿ ಹಾಕಿದೆ. ಕ್ವಾರ್ಟರ್ಸನ್ನೂ ಈಗಲೇ ಕೊಡುತ್ತೇವೆಂದರು, ಆದರೆ ಅದು ಮೂರನೇ ಮಹಡಿಯಲ್ಲಿದ್ದದ್ದು, ಹತ್ತಲಾರೆ, ಬೇಡವೆಂದೆ. ನಾಳೆ ಆಸ್ಪತ್ರೆಯಿಂದ ಬಿಡುತ್ತಾರೆ. ಮೊದಲಿನ ಮಹಡಿಯ ಮನೆ ಬಿಟ್ಟು ಫಿಟ್ಟರಣ್ಣ ನೆಲಮಟ್ಟದಲ್ಲಿ ಒಂದು ಕೋಣೆ ಹಿಡಿದಿದ್ದಾನೆ, ಅಲ್ಲಿಗೆ ಹೋಗುತ್ತೇನೆ. ವಿಳಾಸವನ್ನೂ ಮನೆಯೊಡೆಯರ ಫೋನ್ ನಂಬರನ್ನೂ ಕಾಗದದ ಬೆನ್ನಿಗೆ ಬರೆದಿದ್ದೇನೆ.

ಇದನ್ನು ನಿನ್ನ ತಲೆಯ ಮೇಲೆ ಹೊತ್ತುಕೊಳ್ಳಬೇಡ. ನಿನಗೆ ಗೊತ್ತಿದ್ದರೆ ಕೇಳುತ್ತಿರಲಿಲ್ಲ. ಗೊತ್ತಾಗದ ಹಾಗೆ ಮಾಡಿದವನು ನಾನು. ಅಮ್ಮನಿಗೆ ನಿಧಾನವಾಗಿ ಹೇಳು. ಇಷ್ಟು ಬರೆಯಲು ಎರಡು ದಿನ ಹಿಡಿಯಿತು.

ನಿನ್ನವ


ಮೇ 6

ನನ್ನ ಕಣ್ಣಿನಂಥವರಿಗೆ,

ಪ್ರೆಸ್ಸಿನಲ್ಲಿ ಓದಿದೆ. ಮಾಲೀಕರು ಏನಾಯಿತಮ್ಮ ಅಂತ ಕೇಳಿದರು. ಕೈಯಲ್ಲಿ ಅಂಟಿತ್ತು, ನಿಮ್ಮ ಕಾಗದ ಬೆರಳಿಗೆ ಹತ್ತಿಕೊಂಡು ಒಂದು ಮೂಲೆ ಹರಿದುಹೋಯಿತು. ಹಾಗೇ ಅಂಗಡಿಗೆ ಓಡಿ ಫೋನು ಮಾಡಿಸಿದೆ.

ನೀವು “ಹೇಗಿದ್ದೀಯ” ಅನ್ನಲು ಎರಡು ಸಲ ಉಸಿರು ತೆಗೆದುಕೊಂಡಿರಿ. ಅಂಗಡಿಯ ತುಂಬ ಜನ. ನಾನು ಹೂಂ ಅಂತಲೂ ಅನ್ನಲಾಗದೆ ಸುಮ್ಮನೆ ಕೇಳಿಸಿಕೊಂಡೆ. ಆ ಉಸಿರು ನನಗೆ ಹೊಸದಲ್ಲ. ನಮ್ಮಪ್ಪನ ಪಕ್ಕದಲ್ಲಿ ಮಲಗಿ ವರ್ಷಗಟ್ಟಲೆ ಕೇಳಿದ್ದೇನೆ. ಯಾರ ಮನೆಯಲ್ಲಿ ಅದನ್ನು ಮತ್ತೆ ಕೇಳಬಾರದು ಅಂತ ಮದುವೆಗೆ ಮುಂಚೆಯೇ ಬೇಡಿಕೊಂಡಿದ್ದೆನೋ, ಅದೇ ಮನೆಗೆ ಆ ಉಸಿರನ್ನು ನಾನೇ ಕರೆತಂದೆ.

ಹೊತ್ತುಕೊಳ್ಳಬೇಡ ಅಂದಿರಿ. ಹೇಗೆ ಕೆಳಗಿಡಲಿ? ನೀವು ಸುಳ್ಳು ಹೇಳಿದಿರಿ, ಅದಕ್ಕೆ ನಿಮ್ಮ ಮೇಲೆ ಸಿಟ್ಟಿದೆ. ಆ ಸಿಟ್ಟನ್ನು ನಿಮ್ಮ ಎದುರಿಗೇ ತೀರಿಸಿಕೊಳ್ಳುತ್ತೇನೆ, ಬಿಡುವುದಿಲ್ಲ. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ನಿಮ್ಮ ಕೆನ್ನೆಯ ಮೇಲೆ ಬೆಳೆದದ್ದು ನನ್ನ ಅನುಮಾನ. ಆ ಫೋಟೋವನ್ನು ಪುಟ್ಟಿ ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಾಳೆ. ನಾನು ನೋಡಲಾರೆ, ಅವಳ ಕೈಯಿಂದ ಕಿತ್ತುಕೊಳ್ಳಲೂ ಆರೆ. ಹಣಿಗೆ ಕೊಂಡ ದಿನ ಅಂಗಡಿಯಿಂದ ಮನೆಯವರೆಗೆ ಹಾಡು ಹೇಳಿಕೊಂಡು ಬಂದಿದ್ದೆ. ಆಗ ನೀವು ಆಸ್ಪತ್ರೆಯ ಹಾಸಿಗೆಯಲ್ಲಿದ್ದಿರಿ. ಅದನ್ನು ಯಾರಿಗಾದರೂ ಕೊಟ್ಟುಬಿಡಿ, ನನ್ನ ಕಣ್ಣಿಗೆ ಬೀಳಬಾರದು.

ಅತ್ತೆಗೆ ಹೇಳಿದೆ. ಅವರು ಅಳಲಿಲ್ಲ. ನನ್ನ ತಲೆಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, “ಕಣ್ಣಿಟ್ಟಿರು ಅಂತ ಹೇಳಿಕೊಟ್ಟವಳು ನಾನೇ ಅಲ್ವೇನೇ” ಅಂದರು. ಹೀಗೆ ಈ ಮನೆಯಲ್ಲಿ ಒಬ್ಬರ ಪಾಪವನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತಿದ್ದೇವೆ.

ಪ್ರೆಸ್ಸಿನ ಕೆಲಸ ಬಿಟ್ಟೆ. ಅಂಟು ಹಚ್ಚುವ ಕೈಗೆ ಎಲ್ಲಿಯಾದರೂ ಕೆಲಸ ಸಿಗುತ್ತದೆ. ಶನಿವಾರದ ರೈಲಿಗೆ ಮೂವರೂ ಹೊರಡುತ್ತೇವೆ. ನೀವು ಸ್ಟೇಷನ್ನಿಗೆ ಬರಬೇಡಿ. ಫಿಟ್ಟರಣ್ಣನವರು ಬಂದರೆ ಸಾಕು, ಅವರ ಕಾಲು ಹಿಡಿಯುವುದೂ ಇದೆ ನನಗೆ.

ಪುಟ್ಟಿಗೆ ಹೇಳಿಟ್ಟಿದ್ದೇನೆ, ಬಾಗಿಲನ್ನು ಒಂದೇ ಸಲ ತಟ್ಟಬೇಕು, ಅಪ್ಪ ಅಪ್ಪ ಅಂತ ಕೂಗಿ ಅವಸರ ಮಾಡಬಾರದು ಅಂತ. ನೀವು ಓಡಿ ಬರಬೇಡಿ. ಗೋಡೆ ಹಿಡಿದು ನಿಧಾನವಾಗಿ ಬನ್ನಿ, ನಡುವೆ ಕೂರಬೇಕೆನಿಸಿದರೆ ಕೂತು ಬನ್ನಿ. ಎಷ್ಟು ಹೊತ್ತಾದರೂ ನಾವು ಹೊರಗೆ ನಿಂತಿರುತ್ತೇವೆ.

ನಿಮ್ಮವಳು